ಕಂಪ್ಯೂಟರಿನ ಮೇಲೆ ಗಾಡಿ ಬಿಡುವುದು

ನಮ್ಮ ಡ್ರೈವಿಂಗ್ ಸ್ಕೂಲಿನ ಬೋರ್ಡಿನಲ್ಲಿ ‘ಕಂಪ್ಯೂಟರ್ ಮೂಲಕ ಕಾರು ಕಲಿಸಲಾಗುವುದು’ ಅಂತ ಬರೆದಿದ್ದು ಅಪ್ಪಟ ಸುಳ್ಳು. ಬರೆಸಿದವರು ಮಾಸ್ತರು, ಅಂದರೆ ಸ್ಕೂಲಿನ ಮಾಲೀಕರು. ಕುಕ್ಕುವಾಡದವರು. ಇಪ್ಪತ್ತು ವರ್ಷ ಲಾರಿ ಓಡಿಸಿ, ಸೊಂಟ ಕೈಕೊಟ್ಟ ಮೇಲೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಒಂದು ಮಳಿಗೆ ಹಿಡಿದು ಸ್ಕೂಲು ತೆರೆದವರು. ಇದ್ದದ್ದು ಒಂದೇ ಕಾರು. ಎಡಗಡೆ ಮಾಸ್ತರ ಕಾಲ ಹತ್ತಿರ ಇನ್ನೊಂದು ಜೊತೆ ಕ್ಲಚ್ಚು, ಬ್ರೇಕು ಇತ್ತು. ಕಂಪ್ಯೂಟರ್ ತಂದಿದ್ದು ಅರ್ಜಿ ಟೈಪ್ ಮಾಡುವುದಕ್ಕೆ, ನನ್ನನ್ನು ಇಟ್ಟುಕೊಂಡಿದ್ದು ಆ ಕಂಪ್ಯೂಟರಿಗೆ. ಹೋದ ವರ್ಷ ಊರಲ್ಲಿ ಎಲ್ಲಿ ನೋಡಿದರೂ ಕಂಪ್ಯೂಟರ್ ಜಾತಕ, ಕಂಪ್ಯೂಟರ್ ಕಣ್ಣು ಪರೀಕ್ಷೆ, ಕಂಪ್ಯೂಟರ್ ಕಸೂತಿ. ‘ನಮ್ಮ ಹತ್ರಾನೂ ಒಂದು ಐತಲ್ಲ, ಬರೆಸಿದ್ರೆ ತಪ್ಪೇನು?’ ಅಂತ ಮಾಸ್ತರು ಪೇಂಟರನ್ನು ಕರೆಸಿದ್ದರು.

ಆ ಬೋರ್ಡನ್ನು ನಂಬಿದ ಮೊದಲನೆಯವರು ಅಕ್ಕ. ನಲವತ್ತು ದಾಟಿದವರು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕಡತ. ಒಳಗೆ ಬಂದವರೇ ಕೇಳಿದರು, ‘ಇಲ್ಲಿ ಕಂಪ್ಯೂಟರ್‌ನಾಗೆ ಕಾರ್ ಕಲಿಸ್ತೀರಂತಲ್ರಿ?’

ಮಾಸ್ತರು ನನ್ನ ಮುಖ ನೋಡಿದರು. ನಾನು ಆಗತಾನೇ ಅರ್ಜಿ ಟೈಪ್ ಮಾಡುವುದು ಬಿಟ್ಟು, ಗೆಳೆಯನ ಸಿಡಿಯಿಂದ ಹಾಕಿಕೊಂಡಿದ್ದ ಕಾರ್ ರೇಸಿನ ಆಟ ಆಡುತ್ತಿದ್ದೆ. ಪರದೆಯ ಮೇಲೆ ಕೆಂಪು ಕಾರು ಇನ್ನೂ ಓಡುತ್ತಲೇ ಇತ್ತು.

‘ಕಲಿಸ್ತೀವಿ ಅಕ್ಕಾರೆ, ಕೂಡ್ರಿ’ ಅಂದುಬಿಟ್ಟೆ.

ಅಕ್ಕ ಕೂತು ಎಲ್ಲ ಹೇಳಿದರು. ದೇವರಾಜ ಅರಸು ಬಡಾವಣೆಯಲ್ಲಿ ಮನೆ. ಗಂಡ ಹೆಂಡತಿ ಇಬ್ಬರೂ ಮಕ್ಕಳ ರೆಡಿಮೇಡ್ ಬಟ್ಟೆಯನ್ನು ವ್ಯಾನಿನಲ್ಲಿ ತುಂಬಿಕೊಂಡು ಹಳ್ಳಿ ಸಂತೆಗಳಿಗೆ ಹೋಗುತ್ತಾರೆ. ಈಗ ಗಂಡನಿಗೆ ಕಣ್ಣು ಮಂಜಾಗುತ್ತಿದೆ, ಸ್ಟೀರಿಂಗ್ ಮುಟ್ಟಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಇಟ್ಟುಕೊಂಡ ಇಬ್ಬರು ಡ್ರೈವರುಗಳೂ ನಿಲ್ಲಲಿಲ್ಲ. ಅಕ್ಕ ತಾವೇ ಕಲಿಯುತ್ತೇನೆ ಅಂತ ಹೊರಟು, ಬೇರೆ ಕಡೆ ಕಲಿತು, ಎರಡು ಸಲ ಟೆಸ್ಟಿನಲ್ಲಿ ಫೇಲಾಗಿದ್ದರು. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸು, ಮುಗಿಯುವುದಕ್ಕೆ ಆರು ವಾರ ಉಳಿದಿತ್ತು.

‘ಅಷ್ಟರಾಗೆ ಆದ್ರೆ ಆಯ್ತು, ಇಲ್ಲಾಂದ್ರೆ ವ್ಯಾನ್ ಮಾರಿಬಿಡ್ತೀನಿ ಅಂದಾರೆ ನಮ್ಮನೆಯವರು. ಕೊಳ್ಳೋನು ಬಂದು ಟೈರ್ ಒದ್ದು ನೋಡಿಕೊಂಡೂ ಹೋದ. ಸಂತೆ ಇಲ್ಲಾಂದ್ರೆ ನಾನು ಮನ್ಯಾಗೆ ಕೂತು ಏನ್ ಮಾಡ್ಲಿ ಹೇಳ್ರಿ? ಒಂದೊಂದು ಊರಾಗೂ ಹುಡುಗ್ರ ಅಳತೆ ಬಾಯಿಗೆ ಐತೆ ನಂಗೆ.’

ಅವರು ಹೋದ ಮೇಲೆ ಮಾಸ್ತರು ನನ್ನನ್ನು ಹಿಡಿದುಕೊಂಡರು. ‘ಲೇ ತಮ್ಮಾ, ಏನ್ ಕಲಿಸ್ತೀಯಲೆ ನೀನು? ಆಟ ಆಡಿ ಗಾಡಿ ಕಲಿಯೋ ಹಂಗಿದ್ರೆ, ಚೌಕಾಬಾರ ಆಡಿ ಒಕ್ಕಲುತನ ಕಲೀಬೋದಿತ್ತಲ್ಲೋ!’

ನಾನು ಸುಮ್ಮನಿರಲಿಲ್ಲ. ರೇಸಿನ ಆಟದಿಂದ ಕಣ್ಣು ಚುರುಕಾಗುತ್ತದೆ, ಕೈ ಹದಕ್ಕೆ ಬರುತ್ತದೆ, ಭಯ ಹೋಗುತ್ತದೆ ಅಂತ ವಾದ ಮಾಡಿದೆ. ನನಗೆ ಯಾರೂ ಕಂಪ್ಯೂಟರ್ ಕಲಿಸಿರಲಿಲ್ಲ. ಬಿಚ್ಚಿ ಜೋಡಿಸಿಯೇ ಕಲಿತಿದ್ದೆ. ಕಾರೂ ಹಾಗೇ ಅನ್ನುವುದು ನನ್ನ ನಂಬಿಕೆ. ‘ಆಯ್ತು, ಬೆಳಿಗ್ಗೆ ನಾನು ಕಾರಿನಾಗೆ ಕಲಿಸ್ತೀನಿ, ಆಮೇಲೆ ಅರ್ಧ ಗಂಟೆ ನೀನು ಆಡಿಸು. ಯಾರದ್ದು ಹತ್ತತೈತೋ ನೋಡೇಬಿಡಾನ’ ಅಂದರು ಮಾಸ್ತರು.

ಮೊದಲನೇ ದಿನ ಕೀಬೋರ್ಡಿನ ಮೇಲೆ ಆಡಿಸಿದೆ. ಎಡ ಬಾಣ, ಬಲ ಬಾಣ, ಮೇಲಿನ ಬಾಣ ಒತ್ತಿದರೆ ಓಡುತ್ತದೆ. ಅಕ್ಕ ಎರಡು ಬೆರಳಲ್ಲಿ ಒತ್ತಿ ಒತ್ತಿ, ಕಾರು ಗೋಡೆಗೆ ಬಡಿದಾಗಲೆಲ್ಲ ‘ಅಯ್ಯೋ ಶಿವನೆ’ ಅಂದು, ಕೊನೆಗೆ ಕೇಳಿದರು, ‘ಅಲ್ಲೋ ತಮ್ಮ, ನಮ್ ವ್ಯಾನಿನಾಗೆ ಈ ಗುಂಡಿ ಎಲ್ಲೈತೆ?’

ನ್ಯಾಯವಾದ ಪ್ರಶ್ನೆ. ಆ ಶನಿವಾರವೇ ಹರಿಹರಕ್ಕೆ ಹೋದೆ. ನಮ್ಮ ಮನೆ ಇರುವುದೇ ಅಲ್ಲಿ, ದಿನಾ ಬಸ್ಸಿನಲ್ಲಿ ಓಡಾಡುವವನು ನಾನು. ನನ್ನ ಸೋದರಮಾವನದ್ದು ಅಲ್ಲಿ ಕಬ್ಬಿಣ ಕಡೆಯುವ ಲೇಥ್ ಅಂಗಡಿ. ಗುಜರಿಯಲ್ಲಿ ಒಂದು ಜೀಪಿನ ಸ್ಟೀರಿಂಗು, ಅದರ ಕಂಬದ ಸಮೇತ ಸಿಕ್ಕಿತು. ಅದನ್ನು ಹೆಗಲ ಮೇಲೆ ಹೊತ್ತು ಮಾವನ ಮುಂದೆ ಇಳಿಸಿದೆ.

‘ಜೀಪ್ ಎಲ್ಲೈತಲೆ?’ ಅಂದ ಮಾವ.

‘ಜೀಪ್ ಇಲ್ಲ ಮಾವ. ಇದನ್ನ ಕಂಪ್ಯೂಟರಿಗೆ ಜೋಡಿಸ್ಬೇಕು.’

ಮಾವ ಲೇಥ್ ನಿಲ್ಲಿಸಿ ಎರಡೂ ಕೈ ಒರೆಸಿಕೊಂಡು, ‘ನಿಮ್ಮವ್ವಗೆ ಗೊತ್ತೈತಾ?’ ಅಂತ ಕೇಳಿದ.

ವಿಷಯ ಇಷ್ಟೇ. ಕಂಪ್ಯೂಟರಿನ ಹಿಂದೆ ಆಟದ ಹಿಡಿಕೆಗೆ, ಅಂದರೆ ಜಾಯ್‌ಸ್ಟಿಕ್ಕಿಗೆ ಅಂತ ಹದಿನೈದು ಪಿನ್ನಿನ ಒಂದು ಕಿಂಡಿ ಇರುತ್ತದೆ. ಜಾಯ್‌ಸ್ಟಿಕ್ ಬಿಚ್ಚಿ ನೋಡಿದರೆ ಒಳಗಿರುವುದು ರೇಡಿಯೋದ ವಾಲ್ಯೂಮ್ ತಿರುಗಿಸುವ ಗುಂಡಿಯಂಥದ್ದೇ ಗುಂಡಿ. ಅದು ತಿರುಗಿದಷ್ಟೂ ಪರದೆಯ ಮೇಲಿನ ಕಾರು ತಿರುಗುತ್ತದೆ. ಹಾಗಾದರೆ ಸ್ಟೀರಿಂಗಿನ ಕಂಬದ ತುದಿಗೆ ಒಂದು ವಾಲ್ಯೂಮ್ ಗುಂಡಿ ಸಿಕ್ಕಿಸಿದರೆ ಮುಗಿಯಿತು. ಆದರೆ ಆ ಗುಂಡಿ ಮುಕ್ಕಾಲು ಸುತ್ತಿನ ಮೇಲೆ ತಿರುಗುವುದಿಲ್ಲ, ಕಾರಿನ ಸ್ಟೀರಿಂಗಿಗೆ ಎರಡು ಮೂರು ಸುತ್ತು ಬೇಕು. ಇದಕ್ಕೆ ದಾರಿ ತೋರಿಸಿದ್ದು ಮಾವ. ಸೈಕಲ್ಲಿನ ಹಿಂದಿನ ಸಣ್ಣ ಹಲ್ಲಿನ ಚಕ್ರವನ್ನು ಸ್ಟೀರಿಂಗ್ ಕಂಬಕ್ಕೆ ಬೆಸೆದ, ಪೆಡಲಿನ ದೊಡ್ಡ ಚಕ್ರವನ್ನು ವಾಲ್ಯೂಮ್ ಗುಂಡಿಗೆ ಕೂರಿಸಿದ, ನಡುವೆ ಚೈನು ಹಾಕಿದ. ಸಣ್ಣದಕ್ಕೆ ಹದಿನೆಂಟು ಹಲ್ಲು, ದೊಡ್ಡದಕ್ಕೆ ನಲವತ್ತೆಂಟು. ಸ್ಟೀರಿಂಗ್ ಎರಡು ಸುತ್ತು ಹೊಡೆದರೆ ಗುಂಡಿ ಸರಿಯಾಗಿ ಮುಕ್ಕಾಲು ಸುತ್ತು. ಆ ಲೆಕ್ಕ ಸರಿಹೋದ ಖುಷಿಗೆ ನಾನು ಅಂಗಡಿಯಲ್ಲೇ ಕುಣಿದೆ.

ಪೆಡಲುಗಳಿಗೆ ಮೂರು ಕಬ್ಬಿಣದ ಪಟ್ಟಿ, ಸೈಕಲ್ ಸೀಟಿನ ಸ್ಪ್ರಿಂಗು. ಬ್ರೇಕಿಗೆ ಬಿಗಿ ಸ್ಪ್ರಿಂಗು, ಆಕ್ಸಿಲರೇಟರಿಗೆ ಸಡಿಲ. ಆಟದಲ್ಲಿ ಕ್ಲಚ್ಚೇ ಇರಲಿಲ್ಲ. ಅದಕ್ಕೆ ಕ್ಲಚ್ ಪಟ್ಟಿಯ ಕೆಳಗೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಇಟ್ಟು, ಗೇರು ಬದಲಾಯಿಸುವ ವೈರನ್ನು ಅದರ ಮೂಲಕ ಎಳೆದೆ. ಕ್ಲಚ್ ತುಳಿಯದೆ ಗೇರ್ ಹಾಕಿದರೆ ಏನೂ ಆಗಬಾರದು, ಅಷ್ಟೇ ನನ್ನ ಕೈಲಾದದ್ದು.

ಸೋಮವಾರ ಎಲ್ಲವನ್ನೂ ಬಸ್ಸಿನ ಮೇಲೆ ಹಾಕಿಕೊಂಡು ಬಂದೆ. ‘ಜೀಪ್ ಹಿಂದೆ ಬರ್ತೈತಾ?’ ಅಂತ ಕಂಡಕ್ಟರೂ ಕೇಳಿದ.

ಜೋಡಿಸಿ ಕೂತರೆ ಕಾರು ಹುಚ್ಚುಹುಚ್ಚಾಗಿ ಆಡಿತು. ಎಡಕ್ಕೆ ಒಂದು ಸುತ್ತು ತಿರುಗಿಸಿದರೂ ಸ್ವಲ್ಪ ವಾಲುವುದು, ಬಲಕ್ಕೆ ನಾಲ್ಕು ಬೆರಳು ತಿರುಗಿಸಿದರೆ ಗಿರಕಿ ಹೊಡೆಯುವುದು. ಎರಡು ದಿನ ಚೈನು ಬಿಗಿ ಮಾಡಿದೆ, ಸಡಿಲ ಮಾಡಿದೆ, ಬೆಸುಗೆ ಕಿತ್ತು ಮತ್ತೆ ಹಾಕಿದೆ. ಮಾಸ್ತರು ದಿನಕ್ಕೆ ಮೂರು ಸಲ ಬಂದು, ‘ಎತ್ತಿನಗಾಡೀಗೂ ಇಷ್ಟು ರಿಪೇರಿ ಇಲ್ಲಪ್ಪ’ ಅಂದು ಹೋಗುತ್ತಿದ್ದರು. ಕೊನೆಗೆ ರೇಡಿಯೋ ರಿಪೇರಿಯವರ ಹತ್ತಿರ ಒಯ್ದು ತೋರಿಸಿದೆ. ಅವರು ಗುಂಡಿಯ ಬೆನ್ನ ಮೇಲಿನ ಅಕ್ಷರ ನೋಡಿ ನಕ್ಕರು. ವಾಲ್ಯೂಮಿನ ಗುಂಡಿ ಕಿವಿಗೆ ಹೊಂದುವಂತೆ ಮಾಡಿರುತ್ತಾರಂತೆ, ಮೊದಲು ನಿಧಾನ, ಆಮೇಲೆ ಒಮ್ಮೆಲೇ ಜಾಸ್ತಿ. ನನಗೆ ಬೇಕಿದ್ದದ್ದು ಉದ್ದಕ್ಕೂ ಒಂದೇ ಸಮ ಏರುವ ಗುಂಡಿ. ‘ಎ’ ಅಕ್ಷರದ್ದನ್ನು ತೆಗೆದು ‘ಬಿ’ ಅಕ್ಷರದ್ದು ಹಾಕಿದೆ. ಕಾರು ಹಸುವಿನ ಹಾಗೆ ನಡೆಯಿತು.

ಅಕ್ಕನಿಗೆ ಜೀಪಿನ ಸ್ಟೀರಿಂಗ್ ಬಹಳ ಹಿಡಿಸಿತು. ಸೆರಗು ಸಿಕ್ಕಿಸಿ, ಚಪ್ಪಲಿ ಬಿಚ್ಚಿಟ್ಟು ಕೂರುವರು. ನಾಲ್ಕನೇ ದಿನಕ್ಕೆ ಮೂರನೇ ಸ್ಥಾನ ಬಂದರು. ಹೆಂಗೆ ಅಂತ ಹಿಂದೆ ನಿಂತು ನೋಡಿದೆ. ತಿರುವು ಬಂದಾಗ ಬ್ರೇಕೂ ಇಲ್ಲ ಏನೂ ಇಲ್ಲ, ಕಾರನ್ನು ಗೋಡೆಗೆ ಒರಗಿಸಿಬಿಡುವುದು, ಗೋಡೆಯ ಗುಂಟ ಉಜ್ಜಿಕೊಂಡು ಕಾರು ತಾನೇ ತಿರುಗುವುದು.

‘ಅಕ್ಕಾರೆ, ಹಂಗೆ ಮಾಡಬಾರದ್ರಿ.’

‘ಯಾಕ? ಗೋಡೆ ಐತಲ್ಲ, ಅದೇ ತಿರುಗಿಸ್ತೈತೆ. ಸುಮ್ನೆ ನಾನ್ಯಾಕ ಕೈ ನೋಯಿಸ್ಕೊಳ್ಳಲಿ?’

ಆಟದ ನಿಯಮದಲ್ಲಿ ಅವರು ಮಾಡಿದ್ದೇ ಸರಿ, ಅದೇ ತೊಂದರೆ. ಅವತ್ತು ಆಟದ ನಿಯಮ ಬದಲಾಯಿಸಿದೆ. ಎಷ್ಟನೇ ಸ್ಥಾನ ಅನ್ನುವುದು ಬೇಡ, ಎಷ್ಟು ಸಲ ಮುಟ್ಟಿಸಿದಿರಿ ಅಷ್ಟು ಗೆರೆ. ಗೋಡೆಗೆ ಸ್ಲೇಟು ನೇತುಹಾಕಿ ಬಳಪ ಇಟ್ಟೆ. ಮೊದಲ ದಿನ ಸ್ಲೇಟಿನಲ್ಲಿ ಜಾಗ ಸಾಲಲಿಲ್ಲ. ವಾರದ ಕೊನೆಗೆ ಐದು ಗೆರೆಗೆ ಬಂದರು, ಸ್ಥಾನ ಕೊನೆಯದು. ‘ಸಂತೆಗೆ ಕೊನೇಗೆ ಹೋದ್ರೂ ಪರವಾಗಿಲ್ಲ, ಬಟ್ಟೆ ಹರೀಬಾರದು’ ಅಂದರು.

ಈ ನಡುವೆ ನನ್ನದೇ ಒಂದು ಮರ್ಯಾದೆ ಹೋದ ಪ್ರಸಂಗ ಇದೆ. ಆಟದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ, ಎಲ್‌ಎಲ್‌ಆರ್ ನನ್ನ ಹತ್ತಿರವೂ ಇತ್ತು. ಒಂದು ಬೆಳಿಗ್ಗೆ ಮಾಸ್ತರು ‘ಬಾರಪ್ಪ ರೇಸ್ ಚಾಂಪಿಯನ್ನು’ ಅಂತ ಕುಕ್ಕುವಾಡದ ರಸ್ತೆಗೆ ಕರೆದುಕೊಂಡು ಹೋಗಿ ಸ್ಟೀರಿಂಗ್ ಕೊಟ್ಟರು. ನಾನು ನೆಟ್ಟಗೆ, ರಸ್ತೆಯ ನಮ್ಮ ಪಾಲಿನ ನಟ್ಟನಡುವೆಯೇ ಓಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಎಡಗಡೆ ಚಕ್ರಗಳೆರಡೂ ರಸ್ತೆ ಅಂಚಿಗೆ ಒಣಹಾಕಿದ್ದ ಮೆಕ್ಕೆಜೋಳದ ಮೇಲೆ ಜರಜರ ಅಂತ ಹೋದವು. ಮಾಸ್ತರು ತಮ್ಮ ಬ್ರೇಕು ಒತ್ತಿದರು. ಜೋಳದ ಯಜಮಾನರು ಟವೆಲ್ ಕೊಡವುತ್ತಾ ಬಂದು ಕಿಟಕಿಯೊಳಗೆ ಬಗ್ಗಿದರು. ‘ಏನಪ್ಪಾ, ಒಕ್ಕೋದಕ್ಕೆ ಬಂದ್ಯಾ? ಅದು ಒಕ್ಕಿದ್ದೇ ಐತೆ!’

ನಾನೂ ಮಾಸ್ತರೂ ಅರ್ಧ ಗಂಟೆ ಜೋಳ ಗುಡ್ಡೆ ಮಾಡಿ ಬಂದೆವು. ಮಾಸ್ತರು ದಾರಿಯುದ್ದಕ್ಕೂ ಶಿಳ್ಳೆ ಹಾಕಿದರು.

ಮಧ್ಯಾಹ್ನ ಪರದೆಯ ಮುಂದೆ ಕೂತಾಗ ಕಾರಣ ಹೊಳೆಯಿತು. ಆಟದಲ್ಲಿ ನನ್ನ ಕಣ್ಣು ಕಾರಿನ ನಟ್ಟನಡುವೆ ಇರುತ್ತದೆ. ನಿಜವಾದ ಕಾರಿನಲ್ಲಿ ನಾನು ಬಲ ಮೂಲೆಯಲ್ಲಿ ಕೂತಿರುತ್ತೇನೆ, ಕಾರಿನ ಬಹುಪಾಲು ನನ್ನ ಎಡಕ್ಕಿರುತ್ತದೆ. ನಾನು ನನ್ನ ಮೂಗನ್ನು ನಡುವಿಗೆ ಇಟ್ಟರೆ ಎಡ ಚಕ್ರ ಜೋಳಕ್ಕೇ ಹೋಗಬೇಕು. ಆಟ ನನಗೆ ತಪ್ಪನ್ನೇ ಅಚ್ಚುಕಟ್ಟಾಗಿ ಕಲಿಸಿತ್ತು. ಕೂಡಲೇ ಮಾನಿಟರನ್ನು ಮೇಜಿನ ಮೇಲೆ ಎಡಕ್ಕೆ ಒಂದು ಗೇಣು ಸರಿಸಿ, ಪರದೆಯ ಬಲ ಅಂಚಿನ ಎದುರಿಗೆ ಸ್ಟೀರಿಂಗ್ ಬರುವಂತೆ ಮಾಡಿದೆ. ಅಕ್ಕ ಈ ಓರೆ ವ್ಯವಸ್ಥೆಯಲ್ಲೇ ಅಭ್ಯಾಸ ಮಾಡಿದರು. ಅವರು ಒಂದು ಸಲವೂ ಜೋಳ ತುಳಿಯಲಿಲ್ಲ.

ಮೂರು ವಾರ ಕಳೆಯಿತು. ಅಕ್ಕನ ಕೈ ಚೆನ್ನಾಗಿ ಕೂತಿತು. ಕಣ್ಣು ಬಾನೆಟ್ಟಿನ ಮೇಲಿಂದ ಎದ್ದು ದೂರಕ್ಕೆ ಹೋಯಿತು, ತಿರುವಿಗೆ ಮುಂಚೆಯೇ ಸ್ಟೀರಿಂಗ್ ತಯಾರಾಗುವುದು. ‘ಕೈ ಬಂತು ಕಣೋ, ಒಪ್ಪಿದೆ’ ಅಂದರು ಮಾಸ್ತರೂ. ಆದರೆ ಕಾಲು ಬರಲಿಲ್ಲ. ಆಟದ ಮುಂದೆ ಕೂತಾಗ ಸರಿಯಾಗಿ ಆಡುವ ಕಾಲು, ಕಾರಿನೊಳಗೆ ಹೋದ ಕೂಡಲೇ ಬೇರೆಯವರ ಕಾಲಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ನಾನೇ ನೋಡಿದೆ. ಕಾರು ಸ್ವಲ್ಪ ಜೋರಾಯಿತು. ಮಾಸ್ತರು, ‘ಬಿಡ್ರಿ, ಬಿಡ್ರಿ!’ ಅಂದರು. ಕಾರು ಇನ್ನೂ ಜೋರಾಯಿತು. ‘ಬಿಡ್ರೀ ಅಂದ್ರೆ!’ ಅಂತ ಕೂಗಿದರು. ಕಾರು ಹಾರಿತು. ಎದುರಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲು. ಮಾಸ್ತರು ತಮ್ಮ ಕಡೆಯ ಬ್ರೇಕಿನ ಮೇಲೆ ಎದ್ದೇ ನಿಂತರು ಅನ್ನಬೇಕು. ಕಾರು ನಿಂತಾಗ ಸೈಕಲ್ಲಿನವನ ಮಡ್‌ಗಾರ್ಡಿಗೂ ನಮಗೂ ನಡುವೆ ಒಂದು ಮೊಳ.

ಅಕ್ಕ ಅಳಲಿಲ್ಲ. ಇಳಿದು, ಕಾರಿನ ಸುತ್ತ ಒಂದು ಸುತ್ತು ಬಂದು, ‘ನನ್ ಹಣೆಬರಾನೇ ಇಷ್ಟು ಅಣ್ಣಾರೆ. ಮಾರ್ರಿ ಅಂತ ಇವತ್ತೇ ಹೇಳ್ತೀನಿ ನಮ್ಮನೆಯವ್ರಿಗೆ’ ಅಂದರು.

‘ಇವತ್ತು ಬ್ಯಾಡ್ರಿ’ ಅಂದೆ ನಾನು. ‘ನಾಳೆ ಒಂದ್ಸಲ ಆಟಕ್ಕೆ ಬರ್ರಿ. ಆಮೇಲೆ ಹೇಳೀರಂತೆ.’

ಮಾರನೇ ದಿನ ಅಕ್ಕ ಮುಖ ಚಿಕ್ಕದು ಮಾಡಿಕೊಂಡು ಕೂತು ಆಡುತ್ತಿದ್ದರು. ಸ್ಲೇಟಿನಲ್ಲಿ ಒಂದೂ ಗೆರೆ ಇಲ್ಲ. ಮಾಸ್ತರು ಚಹಾ ಲೋಟ ಹಿಡಿದು ಒಳಗೆ ಬಂದವರು ಹಿಂದೆ ನಿಂತರು. ಅವರಿಗೆ ಆಟ ಅಂದರೆ ತಾತ್ಸಾರ, ಆದರೆ ಗಾಡಿ ಓಡುತ್ತಿದ್ದರೆ ಕಣ್ಣು ಕೀಳುವುದಕ್ಕಾಗುವುದಿಲ್ಲ. ಎದುರಿಗೆ ಕಡಿದಾದ ತಿರುವು ಬಂತು. ಲಾರಿಯವರ ಜೀವ ತಡೆಯಲಿಲ್ಲ. ‘ಬಿಡ್ರಿ!’ ಅಂದುಬಿಟ್ಟರು.

ಅಕ್ಕನ ಬಲಗಾಲು ಪಟ್ಟಿಯನ್ನು ನೆಲಕ್ಕೆ ತುಳಿಯಿತು. ಪರದೆಯ ಕಾರು ಗೋಡೆಗೆ ಬಡಿದು ಮೇಲೆ ಹಾರಿತು.

ನಾನು ಅವರ ಕಾಲನ್ನೇ ನೋಡುತ್ತಿದ್ದೆ, ಅದೇ ಅದೃಷ್ಟ. ಕಾರಿನಲ್ಲಿ ಹಿಂದೆ ಕೂತರೆ ಕಾಲು ಕಾಣುವುದಿಲ್ಲ. ಇಲ್ಲಿ ಮೇಜಿನ ಕೆಳಗೆ ಬಟಾಬಯಲು.

‘ಮಾಸ್ತರೆ, ಇನ್ನೊಂದ್ಸಲ ಅನ್ರಿ’ ಅಂದೆ.

‘ಏನಂತ?’

‘ಬಿಡ್ರಿ ಅಂತ.’

ಅಂದರು. ಅಕ್ಕ ತುಳಿದರು. ನಾನು ಆಟ ನಿಲ್ಲಿಸಿ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ‘ಅಕ್ಕಾರೆ, ಬಿಡ್ರಿ ಅಂದ್ರೆ ಏನ್ ಮಾಡ್ಬೇಕು?’

‘ಬಿಡ್ಬೇಕು.’

‘ಏನನ್ನ?’

‘ಗಾಡೀನ.’ ಅವರು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. ‘ಗಾಡಿ ಬಿಡೋದು ಅಂದ್ರೆ ಓಡ್ಸೋದು ಅಲ್ವಾ? ನಮ್ಮನೆಯವರು ಹದಿನೈದು ವರ್ಷದಿಂದ ಗಾಡಿ ಬಿಡ್ತಾರೆ. ಸಂತ್ಯಾಗೆ ಎಲ್ಲಾರೂ ಅಂತಾರೆ, ಅಣ್ಣಾ ಹೊತ್ತಾಯ್ತು, ಬಿಡು ಬಿಡು ಗಾಡಿ ಅಂತ. ಮಾಸ್ತರು ಬಿಡ್ರಿ ಅಂತಾರೆ, ಬಿಡ್ತೀನಿ. ಬಿಟ್ರೆ ಬೈತಾರೆ. ಏನ್ ಮಾಡ್ಲಿ ನಾನು?’

ಮಾಸ್ತರು ಚಹಾ ಲೋಟ ಕೆಳಗಿಟ್ಟರು. ‘ಅಲ್ರಿ, ನಾನು ಆಕ್ಸಿಲರೇಟರ್ ಮ್ಯಾಲಿಂದ ಕಾಲು ಬಿಡ್ರಿ ಅಂದಿದ್ದು!’

‘ಕಾಲು ಅಂತ ಎಲ್ಲಿ ಅಂದ್ರಿ? ಬಿಡ್ರಿ ಅಂದ್ರಿ.’

ಮಾಸ್ತರು ನಗುವುದಕ್ಕೆ ಶುರು ಮಾಡಿದರು. ಸೊಂಟ ಹಿಡಿದುಕೊಂಡು ನಕ್ಕರು. ‘ಇಷ್ಟು ವರ್ಷ ಎಷ್ಟು ಜನಕ್ಕೆ ಹಿಂಗೆ ಹೇಳೀನೋ ಶಿವನೇ ಬಲ್ಲ!’ ಗಾಬರಿಯಲ್ಲಿ ಮೆದುಳು ಮೊದಲು ಸಿಕ್ಕ ಅರ್ಥವನ್ನು ಹಿಡಿಯುತ್ತದೆ. ಹದಿನೈದು ವರ್ಷ ವ್ಯಾನಿನ ಪಕ್ಕದ ಸೀಟಿನಲ್ಲಿ ಕೂತವರಿಗೆ ಮೊದಲು ಸಿಗುವ ಅರ್ಥ ಓಡಿಸು ಅನ್ನುವುದೇ. ಮೊದಲು ಬೇರೆ ಕಡೆ ಕಲಿಸಿದವರೂ ಅದನ್ನೇ ಅಂದಿರಬೇಕು, ನಮ್ಮ ಕಡೆ ಕಾರು ಕಲಿಸುವವರೆಲ್ಲ ಅನ್ನುವುದು ಅದನ್ನೇ.

ಮಾತು ಬದಲಾಯಿಸೋಣ ಅಂತ ತೀರ್ಮಾನವಾಯಿತು. ಮೊದಲು ನಾನು ಒತ್ತು, ಎತ್ತು ಅಂತ ಇಟ್ಟೆ. ಆಟದ ಸದ್ದು ಜೋರು ಮಾಡಿ ಹಿಂದಿನಿಂದ ಕೂಗಿ ನೋಡಿದೆವು. ಸದ್ದಿನಲ್ಲಿ ಒತ್ತು ಯಾವುದು, ಎತ್ತು ಯಾವುದು ಗೊತ್ತಾಗಲಿಲ್ಲ, ಸ್ಲೇಟು ಮತ್ತೆ ತುಂಬಿತು. ಆಮೇಲೆ ತುಳಿ, ಎತ್ತು ಅಂತ ಮಾಡಿದೆವು. ಇದು ಕೆಲಸ ಮಾಡಿತು. ತೊಂದರೆ ಬಂದಿದ್ದು ಮಾಸ್ತರ ನಾಲಿಗೆಯಿಂದ. ಗಾಬರಿಯಾದರೆ ಅವರ ಬಾಯಲ್ಲಿ ಬರುವುದು ಬಿಡ್ರಿಯೇ. ಅದಕ್ಕೆ ಅವರಿಗೂ ಪಾಠ ಇಟ್ಟೆ: ಅಕ್ಕ ಆಡುವುದು, ಮಾಸ್ತರು ಹಿಂದೆ ನಿಂತು ಹೇಳುವುದು, ಬಿಡ್ರಿ ಅಂದಾಗಲೆಲ್ಲ ಸ್ಲೇಟಿನಲ್ಲಿ ಅವರ ಹೆಸರಿಗೆ ಗೆರೆ. ‘ಈ ವಯಸ್ಸಿನಾಗೆ ನಂಗೆ ಸ್ಲೇಟು ಹಿಡಿಸಿದ್ಯಲ್ಲೋ’ ಅನ್ನುತ್ತಾ ಕಲಿತರು.

ಒಂದು ದಿನ ಅಕ್ಕ, ‘ಅಣ್ಣಾರೆ, ನೀವೊಂದು ಸಲ ಆಡಿ ತೋರಿಸ್ರಿ’ ಅಂದರು. ಮಾಸ್ತರು ಮೀಸೆ ತೀಡಿಕೊಂಡು ಕೂತರು. ಪ್ರತಿ ತಿರುವಿಗೂ ಮುಂಚೆಯೇ ನಿಧಾನ ಮಾಡಿದರು. ಸ್ಟೀರಿಂಗಿನ ನಡುವೆ ಅಂಗೈಯಿಂದ ಗುದ್ದಿ ಹಾರ್ನ್ ಹುಡುಕಿದರು. ಹಿಂದಿನಿಂದ ಬಂದ ಕಾರಿಗೆ ಕೈ ಹೊರಗೆ ಚಾಚಿ ‘ಹೋಗಪ್ಪಾ, ಹೋಗು’ ಅಂತ ಸೈಡು ಕೊಟ್ಟರು. ಎಲ್ಲ ಕಾರುಗಳೂ ಹೋದವು. ಕೊನೆಯ ಸ್ಥಾನ. ಆದರೆ ಸ್ಲೇಟಿನಲ್ಲಿ ಒಂದೇ ಒಂದು ಗೆರೆ. ನನ್ನ ಹೆಸರಿನ ಮುಂದೆ ಅವತ್ತು ಹನ್ನೊಂದಿತ್ತು. ನಾನು ಮೊದಲನೇ ಸ್ಥಾನ.

ಟೆಸ್ಟಿಗೆ ಒಂಬತ್ತು ದಿನ ಇದ್ದಾಗ ಬಸ್ಸಿನಲ್ಲಿ ಹರಿಹರಕ್ಕೆ ಹೋಗುತ್ತಾ ನನಗೆ ಇನ್ನೊಂದು ವಿಷಯ ಹೊಳೆಯಿತು. ಟೆಸ್ಟಿನಲ್ಲಿ ಅಕ್ಕನ ಪಕ್ಕದಲ್ಲಿ ಮಾಸ್ತರು ಇರುವುದಿಲ್ಲ. ಇನ್ಸ್‌ಪೆಕ್ಟರು ಇರುತ್ತಾರೆ. ಅವರಿಗೆ ನಮ್ಮ ಸ್ಲೇಟಿನ ಒಪ್ಪಂದ ಗೊತ್ತಿಲ್ಲ. ದಿಬ್ಬದ ಮೇಲೆ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು, ಅಕ್ಕ ಎರಡು ಸಲ ಫೇಲಾದ ಜಾಗ. ಅಲ್ಲಿ ಅವರು ಏನಂತಾರೆ? ಬಿಡ್ರಿ ಅಂತಾರೆ. ಇನ್ನೇನಂತಾರೆ?

ಮಾರನೇ ಬೆಳಿಗ್ಗೆ ಮಾಸ್ತರಿಗೆ ಹೇಳಿದೆ. ಅವರು ಇನ್ಸ್‌ಪೆಕ್ಟರಿಗೆ ಮೊದಲೇ ಹೇಳಿಬಿಡೋಣ ಅಂದರು. ಅದು ನನಗೆ ಸರಿ ಕಾಣಲಿಲ್ಲ. ನಾಳೆ ಸಂತೆಯಲ್ಲಿ ಲಾರಿ ಕ್ಲೀನರ್ ಬಿಡಕ್ಕಾ ಅಂತ ಕೂಗುತ್ತಾನೆ, ಅವನಿಗೆ ಯಾರು ಹೇಳುತ್ತಾರೆ? ತುಂಬ ಯೋಚಿಸಿ ಒಂದು ಮಾತು ಹೇಳಿದೆ. ‘ಇವತ್ತಿಂದ ನಾವು ಬಾಯಿ ಮುಚ್ಚೋಣ ಮಾಸ್ತರೆ. ಅಕ್ಕಾರೇ ಬಾಯಿ ಬಿಟ್ಟು ಹೇಳ್ಕೊಳ್ಳಲಿ. ಏನ್ ಮಾಡ್ತಾರೋ ಅದನ್ನ ಮೊದ್ಲು ಹೇಳಿ ಆಮೇಲೆ ಮಾಡ್ಲಿ. ಬೇರೆಯವರು ಏನಾದ್ರೂ ಅಂದ್ರೆ, ಅರ್ಥ ಆಗ್ಲಿಲ್ಲ ಅಂದ್ರೆ, ಬ್ರೇಕ್ ತುಳಿದು ಕೇಳ್ಲಿ.’

‘ಇನ್ಸ್‌ಪೆಕ್ಟ್ರನ್ನ ಕೇಳೋದಾ? ಕೇಳಿದ್ರೆ ಫೇಲ್ ಮಾಡ್ತಾರೇನೋ’ ಅಂದರು ಅಕ್ಕ.

‘ಹಾರಿಸಿದ್ರೂ ಫೇಲೇ ಅಲ್ಲೇನ್ರಿ?’

ಅದಕ್ಕೆ ಅವರು ಒಪ್ಪಿದರು. ಮಾಸ್ತರು ಬಾಯಿ ಸುಮ್ಮನಿರಲಿ ಅಂತ ಕಾರು ಹತ್ತುವ ಮೊದಲು ಎಲೆಅಡಿಕೆ ತುಂಬಿಕೊಳ್ಳತೊಡಗಿದರು. ಅಕ್ಕ ಮಾತ್ರ ಬಿಡುವಿಲ್ಲದೆ ಹೇಳಿಕೊಳ್ಳುವರು: ‘ಕ್ಲಚ್ ತುಳಿದೆ. ಒಂದನೇ ಗೇರು. ನಿಧಾನಕ್ಕೆ ಕ್ಲಚ್ ಎತ್ತಿದೆ, ನಡುಗ್ತು, ಅಲ್ಲೇ ನಿಲ್ಲಿಸ್ದೆ. ಬ್ರೇಕ್ ಎತ್ತಿದೆ. ಹೊಂಟ್ವಿ.’ ಈ ನಡುಗುವ ಜಾಗ ನನ್ನ ಆಟದಲ್ಲಿ ಇರಲಿಲ್ಲ. ಬೆಲ್ಲಿನ ಸ್ವಿಚ್ಚಿಗೆ ಒತ್ತಿದ್ದು, ಬಿಟ್ಟಿದ್ದು ಎರಡೇ ಗೊತ್ತು. ಅದನ್ನು ಕಲಿಸಿದ್ದು ಮಾಸ್ತರ ಕಾರೇ, ಎಂಟು ದಿನ, ಬೆಳಿಗ್ಗೆ ಒಂದೂವರೆ ಗಂಟೆ.

ಟೆಸ್ಟಿನ ದಿನ ಅಕ್ಕನ ಗಂಡನೂ ಬಂದಿದ್ದರು. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೈದಾನದ ಬೇಲಿ ಹಿಡಿದುಕೊಂಡು ನಿಂತು, ‘ಎಲ್ಲಿಗೆ ಬಂದ್ಲು? ಈಗ ಎಲ್ಲಿದಾಳೆ?’ ಅಂತ ನನ್ನನ್ನು ಕೇಳುತ್ತಿದ್ದರು. ಅಕ್ಕ ಕಂಬಗಳ ನಡುವೆ ಕಾರನ್ನು ಹಿಮ್ಮುಖವಾಗಿ ತಂದರು, ಒಂದು ಕಂಬವೂ ಅಲುಗಲಿಲ್ಲ. ಹೇಳಿದೆ. ತಿರುಗಿಸಿದರು. ಹೇಳಿದೆ. ದಿಬ್ಬದ ಹತ್ತಿರ ಬಂದಾಗ ಮಾಸ್ತರೂ ಸೇರಿ ನಾವು ಮೂವರೂ ಬೇಲಿಯ ಗುಂಟ ಅಲ್ಲಿಗೇ ಓಡಿದೆವು. ಕಾರಿನ ಕಿಟಕಿ ತೆರೆದಿತ್ತು. ಒಳಗಿನಿಂದ ಅಕ್ಕನ ದನಿ ಕೇಳುತ್ತಿತ್ತು. ‘ಬ್ರೇಕ್ ತುಳಿದೆ. ಕ್ಲಚ್ ತುಳಿದೆ. ನಿಂತ್ವಿ.’

‘ಏನ್ರಿ ಅದು, ಮಂತ್ರ ಹೇಳ್ತೀರೇನು?’ ಅಂದರು ಇನ್ಸ್‌ಪೆಕ್ಟರು.

‘ಹೌದು ಸಾರ್’ ಅಂದರು ಅಕ್ಕ.

ಇನ್ಸ್‌ಪೆಕ್ಟರು ಕಾಗದದ ಮೇಲೆ ಏನೋ ಬರೆದರು. ಆಮೇಲೆ ತಲೆ ಎತ್ತದೆಯೇ, ‘ಹ್ಞೂಂ, ಬಿಡ್ರಿ’ ಅಂದರು.

ಮಾಸ್ತರು ನನ್ನ ತೋಳು ಹಿಡಿದುಕೊಂಡರು. ಎಲೆಅಡಿಕೆ ನುಂಗಿಬಿಟ್ಟರೋ ಏನೋ, ಗಂಟಲಲ್ಲಿ ಒಂದು ಸದ್ದು ಬಂತು. ಕಾರು ಅಲುಗಲಿಲ್ಲ. ಮೇಲಕ್ಕೂ ಹಾರಲಿಲ್ಲ, ಹಿಂದಕ್ಕೂ ಜಾರಲಿಲ್ಲ.

‘ಸಾರ್’ ಅಂದರು ಅಕ್ಕ, ‘ಯಾವುದನ್ನ ಬಿಡ್ಲಿ? ಬ್ರೇಕ್ ಬಿಡ್ಲೋ, ಕ್ಲಚ್ ಬಿಡ್ಲೋ, ಗಾಡಿ ಬಿಡ್ಲೋ?’

ಇನ್ಸ್‌ಪೆಕ್ಟರು ಪೆನ್ನು ನಿಲ್ಲಿಸಿದರು. ಅಕ್ಕನ ಮುಖ ನೋಡಿದರು, ಆಮೇಲೆ ಬೇಲಿಗೆ ಜೋತುಬಿದ್ದಿದ್ದ ನಮ್ಮ ಮೂವರನ್ನು ನೋಡಿದರು. ‘ಮೂರೂ ಬಿಡ್ರಿ ತಾಯಿ’ ಅಂದರು, ‘ಒಂದಾದ ಮೇಲೆ ಒಂದು.’

‘ಕ್ಲಚ್ ಎತ್ತಿದೆ, ನಡುಗ್ತು. ಬ್ರೇಕ್ ಎತ್ತಿದೆ.’ ಕಾರು ಒಂದು ಗೇಣೂ ಹಿಂದೆ ಹೋಗದೆ, ದಿಬ್ಬ ಏರಿ ಆಚೆ ಇಳಿಯಿತು.

ಲೈಸೆನ್ಸು ಬಂದ ಮೇಲೂ ಮಾಸ್ತರೂ ನಾನೂ ಇನ್ನೂ ವಾದ ಮಾಡುತ್ತಲೇ ಇದ್ದೇವೆ. ನನ್ನ ಪ್ರಕಾರ ಆಟ ಕಣ್ಣಿಗೂ ಕೈಗೂ ನಿಜವಾಗಿ ಸಹಾಯ ಮಾಡಿತು. ಅದೇ ಆಟ ಗೋಡೆಗೆ ಒರಗುವುದನ್ನೂ ಕಲಿಸಿತು, ನನಗೆ ಜೋಳ ತುಳಿಯುವುದನ್ನೂ ಕಲಿಸಿತು. ಕ್ಲಚ್ಚಿನ ವಿಷಯದಲ್ಲಿ ಅದು ಪೂರ್ತಿ ದಂಡ. ಆದರೆ ಯಾರಿಗೂ ಗಾಯವಾಗದ ಜಾಗದಲ್ಲಿ ಒಂದೇ ತಪ್ಪನ್ನು ಎರಡು ಸಲ ಮಾಡಿಸಿ, ಕಾಲನ್ನು ನೋಡುವುದಕ್ಕೆ ಬಿಟ್ಟಿತು. ಅಷ್ಟಕ್ಕೆ ನಾನು ಅದಕ್ಕೆ ಕೈ ಮುಗಿಯುತ್ತೇನೆ. ಕಲಿಸಿದ್ದು ಒಬ್ಬರಿಗೆ, ಇಷ್ಟರಿಂದ ದೊಡ್ಡ ಮಾತು ಹೇಳಬಾರದು ಅನ್ನುವುದು ಗೊತ್ತಿದೆ. ಮಾಸ್ತರ ಪ್ರಕಾರ ಕಲಿಸಿದ್ದು ಅವರೇ.

ವ್ಯಾನು ಮಾರಲಿಲ್ಲ. ಮೊದಲ ಸಂತೆಯ ಬೆಳಿಗ್ಗೆ ನಮ್ಮಿಬ್ಬರನ್ನೂ ಅಕ್ಕ ಮನೆಗೆ ಕರೆದಿದ್ದರು. ಉಪ್ಪಿಟ್ಟು ತಿಂದು, ಬಟ್ಟೆಯ ಗಂಟುಗಳನ್ನು ಹಿಂದೆ ಏರಿಸುವುದಕ್ಕೆ ನಾನೂ ಕೈ ಹಾಕಿದೆ. ಅಕ್ಕನ ಗಂಡ ಕೊನೆಯ ಗಂಟು ಕಟ್ಟಿ, ಕೈ ಕೊಡವಿಕೊಂಡು, ದಿನಾ ಹೋಗುತ್ತಿದ್ದ ಹಾಗೆ ಬಲಗಡೆ ಬಾಗಿಲಿಗೆ ಹೋದರು. ಹಿಡಿಕೆಯ ಮೇಲೆ ಕೈ ಇಟ್ಟರು. ಒಳಗೆ ಅಕ್ಕ ಆಗಲೇ ಕೂತಿದ್ದರು. ಗಂಡ ಹಿಡಿಕೆಯಿಂದ ಕೈ ತೆಗೆದು, ಗಾಜಿನ ಮೇಲಿದ್ದ ಧೂಳನ್ನು ಅಂಗಿಯ ತೋಳಿನಿಂದ ಒಂದು ಸಲ ಒರೆಸಿದರು. ಆಮೇಲೆ ವ್ಯಾನಿನ ಮುಂದಿನಿಂದ ಬಾನೆಟ್ ಸವರಿಕೊಂಡು ಸುತ್ತಿ ಹೋಗಿ ಎಡಗಡೆ ಹತ್ತಿ ಕೂತರು.

‘ಪೇಟೆ ಬೀದಿ ಕಡೆಯಿಂದ ಹೋಗೋಣ್ವಾ?’ ಅಂತ ಹೆಂಡತಿಯನ್ನು ಕೇಳಿದರು. ‘ನಿಂಗೆ ಯಾವ್ದು ಸರಿ ಅನ್ಸುತ್ತೋ ಹಂಗೆ.’